ಲೆಕ್ಕ ಅಂದ್ರೆ ಬರೀ ಮಗ್ಗಿ ಅಲ್ಲ: ಅಲ್-ಜಬ್ರ್‌ನಿಂದ ಒಟಿಪಿವರೆಗೆ

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಹೆಚ್ಚಿನ ಮನೆಗಳಲ್ಲಿ ಕೇಳುವ ಮಾತು ಒಂದೇ. "ಬೇರೆ ಎಲ್ಲದರಲ್ಲೂ ಒಳ್ಳೆ ಮಾರ್ಕು ಉಂಟು, ಲೆಕ್ಕದಲ್ಲಿ ಮಾತ್ರ ಕಡಿಮೆ." ಬಾಪನ ಉತ್ತರವೂ ಸಿದ್ಧ ಇರುತ್ತದೆ: "ನನಗೂ ಲೆಕ್ಕ ತಲೆಗೆ ಹೋಗ್ತಿರಲಿಲ್ಲ, ಅವಳಿಗೆ ಎಲ್ಲಿಂದ ಹೋಗ್ಬೇಕು? ಲೆಕ್ಕ ಇಲ್ಲದ ಯಾವುದಾದ್ರೂ ವಿಷಯ ತೆಗೊಳ್ಳಲಿ." ಅಲ್ಲಿಗೆ ಮಾತು ಮುಗಿಯಿತು. ಹದಿನಾರು ವರ್ಷದ ಮಗುವಿನ ಎದುರು ಇದ್ದ ಹತ್ತಾರು ದಾರಿಗಳಲ್ಲಿ ಅರ್ಧಕ್ಕರ್ಧ ಅವತ್ತೇ ಮುಚ್ಚಿಹೋಯಿತು.

ತಮಾಷೆ ಏನೆಂದರೆ, ಈ ಮಾತು ಹೇಳುವ ಬಾಪ ಬೆಳಗ್ಗೆ ಧಕ್ಕೆಯಲ್ಲಿ ಮೀನಿನ ಏಲಂ ನಡೆಯುವಾಗ ಬುಟ್ಟಿಗೆ ಎಷ್ಟು, ಕಮಿಷನ್ ಎಷ್ಟು, ಐಸಿಗೆ ಎಷ್ಟು, ಟೆಂಪೋ ಬಾಡಿಗೆ ಕಳೆದು ಕೈಗೆ ಎಷ್ಟು ಎಂದು ಪೆನ್ನು ಹಿಡಿಯದೆ ಕ್ಷಣದಲ್ಲಿ ಹೇಳುವವರು. 'ಬ್ಯಾರಿ' ಎಂಬ ಹೆಸರೇ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎಂಬ ಮಾತಿದೆ. ವ್ಯಾಪಾರದ ಸಮುದಾಯಕ್ಕೆ ಲೆಕ್ಕ ತಲೆಗೆ ಹೋಗುವುದಿಲ್ಲ ಎಂದರೆ ನಂಬುವುದು ಹೇಗೆ ಮಾರಾಯ್ರೆ?

ನಮಗೆ ಶಾಲೆಯಲ್ಲಿ ಸಿಕ್ಕಿದ್ದು ಗಣಿತದ ಅಂಗಳ ಮಾತ್ರ. ಕೂಡಿಸು, ಕಳೆ, ಮಗ್ಗಿ, ಬಡ್ಡಿ ಲೆಕ್ಕ, ಒಂದಿಷ್ಟು ಪ್ರಮೇಯ. ಒಳಗೆ ಎಷ್ಟು ಕೋಣೆ ಉಂಟು, ಯಾವ ಕೋಣೆಯಲ್ಲಿ ಎಂತ ಕೆಲಸ ನಡೆಯುತ್ತದೆ ಎಂದು ಯಾರೂ ತೋರಿಸಲಿಲ್ಲ. ಈ ವಾರ ನಾವು ಆ ಕೋಣೆಗಳಿಗೆ ಒಂದೊಂದಾಗಿ ಇಣುಕಿ ನೋಡುವಾ. ಎಂಟನೇ ಕ್ಲಾಸು ಓದಿದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇವೆ.

ಬಗ್ದಾದಿನ ಲೆಕ್ಕ, ಆಸ್ತಿ ಪಾಲಿನ ಲೆಕ್ಕ

ಮೊದಲ ಕೋಣೆ ಬೀಜಗಣಿತ, ಇಂಗ್ಲಿಷಿನ ಆಲ್ಜೀಬ್ರಾ. ಈ ಹೆಸರು ಅರಬಿಯ 'ಅಲ್-ಜಬ್ರ್' ಎಂಬ ಪದದಿಂದ ಬಂದದ್ದು. ಒಂಬತ್ತನೇ ಶತಮಾನದ ಆರಂಭದಲ್ಲಿ ಖಲೀಫಾ ಅಲ್-ಮಅಮೂನ್ ಕಾಲದ ಬಗ್ದಾದಿನಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಝ್ಮಿ ಎಂಬ ವಿದ್ವಾಂಸರು 'ಅಲ್-ಜಬ್ರ್ ವಲ್-ಮುಕಾಬಲ' ಎಂಬ ಲೆಕ್ಕದ ಪುಸ್ತಕ ಬರೆದರು. ಜಬ್ರ್ ಅಂದರೆ ಮುರಿದದ್ದನ್ನು ಸರಿಕೂಡಿಸುವುದು. ಮುರಿದ ಮೂಳೆ ಕೂಡಿಸುವುದಕ್ಕೂ ಅರಬಿಯಲ್ಲಿ ಅದೇ ಮಾತು.

ಧಕ್ಕೆಯ ಲೆಕ್ಕವನ್ನೇ ತೆಗೊಳ್ಳಿ. ಒಂದೇ ಬೆಲೆಯ ಮೂರು ಬುಟ್ಟಿ ಬಂಗುಡೆ ಮಾರಿದಿರಿ. 200 ರೂಪಾಯಿ ಖರ್ಚು ಕಳೆದು ಕೈಗೆ 1,000 ಬಂತು. ಹಾಗಾದರೆ ಬುಟ್ಟಿಗೆ ಎಷ್ಟು? ಕಳೆದುಹೋದ 200ನ್ನು ವಾಪಸ್ ಕೂಡಿಸಿ, ಮೂರು ಬುಟ್ಟಿಗೆ 1,200. ಒಂದಕ್ಕೆ 400. ಹೀಗೆ 'ವಾಪಸ್ ಕೂಡಿಸುವುದೇ' ಜಬ್ರ್. ಶಾಲೆಯಲ್ಲಿ ನಮ್ಮನ್ನು ಹೆದರಿಸಿದ ಆ 'ಎಕ್ಸ್' ಬೇರೆ ಏನೂ ಅಲ್ಲ, ಇನ್ನೂ ಗೊತ್ತಾಗದ ಆ ಬುಟ್ಟಿಯ ಬೆಲೆ. ಖ್ವಾರಿಝ್ಮಿ ಎಕ್ಸ್ ಬರೆಯಲಿಲ್ಲ. ಅವರು ಅದಕ್ಕೆ 'ಶೈಅ್', ಅಂದರೆ 'ವಸ್ತು' ಎಂದರು. ಇಡೀ ಪುಸ್ತಕ ಚಿಹ್ನೆಗಳಿಲ್ಲದೆ ಬರೀ ಮಾತಿನಲ್ಲೇ ಇದೆ.

ಈ ಪುಸ್ತಕದ ದೊಡ್ಡದೊಂದು ಭಾಗ ಯಾವುದರ ಬಗ್ಗೆ ಗೊತ್ತುಂಟಾ? ನಮ್ಮ ಮನೆಗಳಲ್ಲಿ ಇವತ್ತಿಗೂ ಮದ್ರಸದ ಉಸ್ತಾದರನ್ನು ಕರೆಸಿ ಕೇಳುವ ಆಸ್ತಿ ಪಾಲಿನ ಲೆಕ್ಕದ ಬಗ್ಗೆ. ಅದರಲ್ಲಿ ಬರುವ ಒಂದು ಲೆಕ್ಕ ಹೀಗಿದೆ. ಒಬ್ಬ ಹೆಂಗಸು ತೀರಿಕೊಂಡಳು. ಗಂಡ, ಒಬ್ಬ ಮಗ, ಮೂವರು ಹೆಣ್ಣುಮಕ್ಕಳು ಇದ್ದಾರೆ. ಹೊರಗಿನ ಒಬ್ಬನಿಗೆ ಆಸ್ತಿಯ ಎಂಟನೇ ಒಂದು ಮತ್ತು ಏಳನೇ ಒಂದು ಭಾಗ ಕೊಡಬೇಕೆಂದು ವಸಿಯ್ಯತ್ ಮಾಡಿದ್ದಾಳೆ.

ನಾವೇ ಮಾಡಿ ನೋಡುವಾ. ಎಂಟನೇ ಒಂದು, ಏಳನೇ ಒಂದು ಕೂಡಿಸಿದರೆ 56ರಲ್ಲಿ 15. ಉಳಿದದ್ದು 56ರಲ್ಲಿ 41. ಅದರಲ್ಲಿ ಗಂಡನಿಗೆ ನಾಲ್ಕನೇ ಒಂದು. ಉಳಿದ ಮುಕ್ಕಾಲನ್ನು ಐದು ಪಾಲು ಮಾಡಿ ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದೊಂದು. ನಾಲ್ಕು ಐದಲ ಇಪ್ಪತ್ತು, 56 ಇಪ್ಪತ್ತಲ 1,120. ಇಡೀ ಆಸ್ತಿಯನ್ನು 1,120 ಪಾಲು ಮಾಡಿದರೆ ಹೊರಗಿನವನಿಗೆ 300, ಗಂಡನಿಗೆ 205, ಮಗನಿಗೆ 246, ಪ್ರತಿ ಹೆಣ್ಣುಮಗಳಿಗೆ 123. ಎಲ್ಲ ಕೂಡಿಸಿ ನೋಡಿ, ಒಂದು ಪಾಲೂ ಆಚೀಚೆ ಆಗುವುದಿಲ್ಲ. ಲೆಕ್ಕ ಇಷ್ಟು ಖಚಿತ ಇದ್ದರೆ ಹೆಣ್ಣುಮಗಳ ಪಾಲನ್ನು "ಅಂದಾಜಿಗೆ ಇಷ್ಟು" ಎಂದು ಮುಗಿಸಲು ಯಾರಿಗೂ ಬರುವುದಿಲ್ಲ. ಬೀಜಗಣಿತ ಬೆಳೆದದ್ದೇ ಇಂಥ ನ್ಯಾಯದ ಅಗತ್ಯದಿಂದ ಕೂಡ.

ಖ್ವಾರಿಝ್ಮಿಯವರು ಭಾರತದ ಅಂಕಿಗಳ ಬಗ್ಗೆಯೂ ಒಂದು ಪುಸ್ತಕ ಬರೆದರು. ಅದು ಲ್ಯಾಟಿನ್‌ಗೆ ಹೋದಾಗ ಅವರ ಹೆಸರು 'ಅಲ್ಗೋರಿತ್ಮಿ' ಆಯಿತು. ಇವತ್ತು ಮೊಬೈಲಿನಲ್ಲಿ ಯಾವ ವಿಡಿಯೋ ತೋರಿಸಬೇಕೆಂದು ನಿರ್ಧರಿಸುವ 'ಅಲ್ಗಾರಿದಂ' ಎಂಬ ಶಬ್ದ ಅವರದೇ ಹೆಸರು.

ಹಾಸುಗಲ್ಲಿನ ಒಳಗಿನ ಗಣಿತ

ಎಕ್ಸ್ ಇಂಟು ಎಕ್ಸ್ ಬರುವ ಲೆಕ್ಕಗಳನ್ನು ಖ್ವಾರಿಝ್ಮಿ ಬಿಡಿಸಿದರು. ಮೂರು ಎಕ್ಸ್ ಗುಣಿಸುವ ಲೆಕ್ಕಗಳನ್ನು ಉಮರ್ ಖಯ್ಯಾಮ್ ರೇಖಾಗಣಿತ ಬಳಸಿ ಬಿಡಿಸಿದರು. ಹೌದು, ಕವಿ ಎಂದು ಹೆಸರಾದ ಅದೇ ಖಯ್ಯಾಮ್. ಹದಿನಾರನೇ ಶತಮಾನದಲ್ಲಿ ಇಟಲಿಯವರು ಮೂರಕ್ಕೂ ನಾಲ್ಕಕ್ಕೂ ಸೂತ್ರ ಕಂಡುಹಿಡಿದರು. ಐದಕ್ಕೆ ಬಂದಾಗ ಗಾಡಿ ನಿಂತಿತು. ಎರಡೂವರೆ ಶತಮಾನ ಹುಡುಕಿದರೂ ಸೂತ್ರ ಸಿಗಲಿಲ್ಲ. 1824ರಲ್ಲಿ ನಾರ್ವೆಯ ಬಡ ಯುವಕ ಆಬೆಲ್, "ಅಂಥ ಸಾಮಾನ್ಯ ಸೂತ್ರ ಇಲ್ಲವೇ ಇಲ್ಲ" ಎಂದು ಸಾಧಿಸಿಬಿಟ್ಟ. ಯಾವ ಲೆಕ್ಕಕ್ಕೆ ಉತ್ತರ ಸೂತ್ರದಲ್ಲಿ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಯಾಕೆ ಎಂದು ವಿವರಿಸಿದವನು ಫ್ರಾನ್ಸಿನ ಗಾಲ್ವಾ. 1832ರಲ್ಲಿ ಒಂದು ದ್ವಂದ್ವ ಕಾಳಗದಲ್ಲಿ ಗುಂಡು ತಗಲಿ ಸತ್ತಾಗ ಅವನಿಗೆ ಬರೀ 20 ವರ್ಷ.

ಅವನು ತೆರೆದ ಕೋಣೆಗೆ 'ಗ್ರೂಪ್ ಥಿಯರಿ' ಎಂದು ಹೆಸರು. ಕಷ್ಟದ್ದು ಎಂದು ಹೆದರಬೇಡಿ. ನೆಲದ ಒಂದು ಚೌಕ ಟೈಲ್ಸ್ ಯೋಚಿಸಿ. ಅದನ್ನು ಕಿತ್ತು, ತಿರುಗಿಸಿ, ಅಥವಾ ಮಗುಚಿ, ಪುನಃ ಅದೇ ಗುಂಡಿಗೆ ಸರಿಯಾಗಿ ಕೂರಿಸಲು ಎಷ್ಟು ವಿಧ ಉಂಟು? ತಿರುಗಿಸಿ ನಾಲ್ಕು, ಮಗುಚಿ ನಾಲ್ಕು, ಒಟ್ಟು ಎಂಟು. ಇವುಗಳಲ್ಲಿ ಯಾವ ಎರಡನ್ನು ಒಂದರ ಹಿಂದೆ ಒಂದು ಮಾಡಿದರೂ ಬರುವುದು ಈ ಎಂಟರಲ್ಲೇ ಒಂದು. ಇಂಥ ಒಂದು ಕುಟುಂಬವೇ 'ಗ್ರೂಪ್'.

ಮಸೀದಿಗಳ ಗೋಡೆಯಲ್ಲಿ, ಜಾಲಂಧ್ರಗಳಲ್ಲಿ, ಮುಸಲ್ಲಾದ ಅಂಚಿನಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುವ ಚಿತ್ತಾರ ನೋಡಿದ್ದೀರಲ್ಲ? ಹೂವು, ನಕ್ಷತ್ರ ಎಷ್ಟೇ ಬದಲಾಗಲಿ, ಎರಡು ದಿಕ್ಕಿಗೂ ಹರಡಿ ಮರುಕಳಿಸುವ ಚಿತ್ತಾರಗಳ ವಿಧಗಳು ಒಟ್ಟು 17 ಮಾತ್ರ. 1891ರಲ್ಲಿ ರಷ್ಯದ ಫೆಡರೋವ್ ಇದನ್ನು ಸಾಧಿಸಿದರು. 18ನೆಯದು ಯಾರಿಂದಲೂ ಸಾಧ್ಯವಿಲ್ಲ. ಇನ್ನೊಂದು ಸಂಗತಿ ಕೇಳಿ. ಒಮ್ಮೆಯೂ ಸರಿಯಾಗಿ ಮರುಕಳಿಸದೆ ಹರಡುವ ಚಿತ್ತಾರವನ್ನು ಇಂಗ್ಲೆಂಡಿನ ಪೆನ್ರೋಸ್ 1970ರ ದಶಕದಲ್ಲಿ ಕಂಡುಹಿಡಿದರು. ಇರಾನಿನ ಇಸ್ಫಹಾನಿನಲ್ಲಿ 1453ರಲ್ಲಿ ಕಟ್ಟಿದ ದರ್ಬೆ ಇಮಾಮ್ ಕಟ್ಟಡದ ಗೋಡೆಯಲ್ಲಿ ಬಹುಮಟ್ಟಿಗೆ ಅಂಥದ್ದೇ ಚಿತ್ತಾರ ಇದೆ ಎಂದು 2007ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ಐದು ಶತಮಾನ ಹಿಂದಿನ ಕುಶಲಕರ್ಮಿಗಳ ಕೆಲಸ ಅದು.

ನಿಮ್ಮ ಹಣಕ್ಕೆ ಬೀಗ ಹಾಕಿದವರು

ಮೂರನೇ ಕೋಣೆ ಸಂಖ್ಯಾಶಾಸ್ತ್ರ. ಸಂಖ್ಯೆಗಳ ಸ್ವಭಾವವನ್ನೇ ಅಭ್ಯಾಸ ಮಾಡುವುದು ಇದರ ಕೆಲಸ. ಇಂದು ಶುಕ್ರವಾರ. ಇವತ್ತಿಗೆ ನೂರು ದಿನ ಕಳೆದರೆ ಯಾವ ವಾರ? ಕ್ಯಾಲೆಂಡರ್ ಮಗುಚುವುದು ಬೇಡ. 14 ಏಳಲ 98, ಉಳಿದದ್ದು ಎರಡು. ಶುಕ್ರವಾರಕ್ಕೆ ಎರಡು ಸೇರಿಸಿ, ಭಾನುವಾರ. ಹೀಗೆ 'ಉಳಿಕೆ' ಮಾತ್ರ ನೋಡುವ ಲೆಕ್ಕಕ್ಕೆ ಗಡಿಯಾರದ ಲೆಕ್ಕ ಎನ್ನುತ್ತಾರೆ.

ಈ ಗಡಿಯಾರದ ಲೆಕ್ಕವೇ ಇವತ್ತು ನಿಮ್ಮ ಬ್ಯಾಂಕಿನ ಬೀಗ. ಈಗ ಒಂದು ಪ್ರಯೋಗ ಮಾಡಿ. 53ನ್ನು 67ರಿಂದ ಗುಣಿಸಿ ಎಂದು ಮನೆಯ ಮಗುವಿಗೆ ಹೇಳಿ. ಒಂದು ನಿಮಿಷದಲ್ಲಿ 3,551 ಎಂದು ಹೇಳುತ್ತದೆ. ಇನ್ನೊಂದು ಮಗುವಿಗೆ ಬರೀ 3,551 ಕೊಟ್ಟು, "ಇದು ಯಾವ ಎರಡು ಸಂಖ್ಯೆ ಗುಣಿಸಿ ಬಂತು?" ಎಂದು ಕೇಳಿ. ಅರ್ಧ ಗಂಟೆ ತಲೆ ಕೆರೆದುಕೊಳ್ಳಬೇಕು. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಬೀಗ ಹಾಕಲು ಒತ್ತಿದರೆ ಸಾಕು, ತೆಗೆಯಲು ಕೀ ಬೇಕು ಎಂಬ ಹಾಗೆ. 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಸಣ್ಣ ಸತ್ಯದಿಂದ ಗುಪ್ತ ಸಂದೇಶದ ಬೀಗ ಮಾಡಿದರು. ಇಂಥ ಬೀಗಗಳಲ್ಲಿ ಈಗ ಬಳಸುವ ಸಂಖ್ಯೆಗಳಿಗೆ ಆರುನೂರಕ್ಕೂ ಹೆಚ್ಚು ಅಂಕಿಗಳು. ಇವತ್ತಿನ ಕಂಪ್ಯೂಟರಿಗೂ ಅದನ್ನು ಬಿಡಿಸಲು ಆಗುವುದಿಲ್ಲ.

ಬೀಗ ಮಾಡುವವರಿದ್ದ ಹಾಗೆ ಒಡೆಯುವವರೂ ಇದ್ದರು. ಒಂಬತ್ತನೇ ಶತಮಾನದಲ್ಲೇ ಅಲ್-ಕಿಂದಿ ಎಂಬ ವಿದ್ವಾಂಸರು ಗುಪ್ತ ಪತ್ರ ಓದುವ ಉಪಾಯ ಬರೆದಿಟ್ಟರು. ಯಾವ ಭಾಷೆಯಲ್ಲೂ ಕೆಲವು ಅಕ್ಷರ ಹೆಚ್ಚು ಸಲ ಬರುತ್ತವೆ, ಕೆಲವು ಅಪರೂಪ. ಗುಪ್ತ ಪತ್ರದಲ್ಲಿ ಯಾವ ಚಿಹ್ನೆ ಹೆಚ್ಚು ಸಲ ಬಂದಿದೆ ಎಂದು ಎಣಿಸಿದರೆ ಗುಟ್ಟು ಬಿಚ್ಚುತ್ತದೆ. ಗುಪ್ತಲಿಪಿ ಒಡೆಯುವ ಶಾಸ್ತ್ರದ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಅದು.

ಆದರೆ ಇಲ್ಲಿ ಒಂದು ಎಚ್ಚರ. ಗಲ್ಫಿನಿಂದ ಕಳಿಸಿದ ಹಣ ಖಾತೆಯಿಂದ ಮಾಯವಾದ ಸುದ್ದಿ ಓದುತ್ತೀರಲ್ಲ, ಅದರಲ್ಲಿ ಹೆಚ್ಚಿನ ಸಲ ಯಾರೂ ಗಣಿತದ ಬೀಗ ಒಡೆದಿರುವುದಿಲ್ಲ. ಫೋನ್ ಮಾಡಿ ಒಟಿಪಿ ಕೇಳುತ್ತಾರೆ, ನಾವೇ ಕೀ ಕೊಟ್ಟುಬಿಡುತ್ತೇವೆ. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಕೂತು ವಿವರಿಸಿ.

ಏಳು ಸೇತುವೆ, ಒಂದು ವಡೆ

1736ರ ಸುಮಾರಿಗೆ ಕೋನಿಗ್ಸ್‌ಬರ್ಗ್ ಎಂಬ ಊರಿನವರಿಗೆ ಒಂದು ಹುಚ್ಚು. ಈಗ ಅದು ರಷ್ಯದ ಕಲಿನಿನ್‌ಗ್ರಾಡ್. ಅಲ್ಲಿ ಹೊಳೆಯ ಎರಡು ದಡ, ನಡುವೆ ಎರಡು ದ್ವೀಪ, ಇವುಗಳನ್ನು ಜೋಡಿಸುವ ಏಳು ಸೇತುವೆ. ಯಾವ ಸೇತುವೆಯನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿ ಬರಲು ಆಗುತ್ತದಾ? ಊರವರು ನಡೆದು ನಡೆದು ಸುಸ್ತಾದರು. ಆಯ್ಲರ್ ಎಂಬ ಗಣಿತಜ್ಞ ನಡೆಯಲಿಲ್ಲ, ಕೂತು ಯೋಚಿಸಿದರು. ಒಂದು ಜಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಡಬೇಕು. ಹಾಗಾಗಿ ಸೇತುವೆಗಳು ಜೋಡಿ ಜೋಡಿಯಾಗಿ ಇರಬೇಕು. ಬೆಸ ಸಂಖ್ಯೆಯ ಸೇತುವೆ ಇರುವ ಜಾಗ ಒಂದೋ ಹೊರಡುವ ಜಾಗ, ಇಲ್ಲವೇ ಮುಟ್ಟುವ ಜಾಗ ಆಗಬೇಕು. ಆ ಊರಲ್ಲಿ ನಾಲ್ಕು ಜಾಗಕ್ಕೂ ಬೆಸ ಸಂಖ್ಯೆಯ ಸೇತುವೆ. ಆದ್ದರಿಂದ ಸಾಧ್ಯವೇ ಇಲ್ಲ. ಮುಗೀತು.

ಇದರಿಂದ ಹುಟ್ಟಿದ್ದು 'ಗ್ರಾಫ್ ಥಿಯರಿ'. ಜಾಗ ಅಂದರೆ ಚುಕ್ಕಿ, ದಾರಿ ಅಂದರೆ ಗೆರೆ. ಹಂಪನಕಟ್ಟೆಯಿಂದ ದೇರಳಕಟ್ಟೆಗೆ ಹತ್ತಿರದ ದಾರಿ ಯಾವುದು ಎಂದು ಮೊಬೈಲ್ ಮ್ಯಾಪ್ ತೋರಿಸುವುದು ಈ ಚುಕ್ಕಿ-ಗೆರೆಗಳ ಲೆಕ್ಕದಿಂದಲೇ. ಹತ್ತಿರದ ದಾರಿ ಹುಡುಕುವ ಒಂದು ಪ್ರಸಿದ್ಧ ವಿಧಾನವನ್ನು ನೆದರ್‌ಲೆಂಡ್ಸಿನ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು.

ಇದರ ಪಕ್ಕದ ಕೋಣೆ ಟೊಪಾಲಜಿ. ಇಲ್ಲಿ ಉದ್ದ, ಅಗಲ, ಕೋನ ಯಾವುದಕ್ಕೂ ಬೆಲೆ ಇಲ್ಲ. ಹಿಟ್ಟಿನ ಹಾಗೆ ಎಳೆಯಬಹುದು, ಒತ್ತಬಹುದು. ಹರಿಯಬಾರದು, ಅಂಟಿಸಬಾರದು, ತೂತು ಮಾಡಬಾರದು. ಈ ನಿಯಮದಲ್ಲಿ ತೂತಿರುವ ಉದ್ದಿನ ವಡೆಯೂ ಹಿಡಿಕೆ ಇರುವ ಚಹಾ ಕಪ್ಪೂ ಒಂದೇ! ಎರಡಕ್ಕೂ ಒಂದೇ ತೂತು. ತೂತಿಲ್ಲದ ಪತ್ತಿರ್ ಮಾತ್ರ ಬೇರೆ ಜಾತಿ. ಮಕ್ಕಳಿಗೆ ನಗು ಬರುತ್ತದೆ, ಬರಲಿ. ಹಾಗೇ ಒಂದು ಉದ್ದದ ಕಾಗದದ ಪಟ್ಟಿ ತೆಗೆದು, ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ, ಎರಡು ತುದಿ ಅಂಟಿಸಿ ಬಳೆ ಮಾಡಿ. ಪೆನ್ಸಿಲ್ ಎತ್ತದೆ ನಡುವೆ ಗೆರೆ ಎಳೆಯುತ್ತಾ ಹೋದರೆ ಒಳಗೂ ಹೊರಗೂ ಗೆರೆ ಬಿದ್ದು ಹೊರಟಲ್ಲಿಗೇ ಬರುತ್ತೀರಿ. ಅದಕ್ಕೆ ಇರುವುದು ಒಂದೇ ಮೈ. ಈಗ ಆ ಗೆರೆಯ ಮೇಲೇ ಕತ್ತರಿಸಿ ನೋಡಿ. ಎರಡು ಬಳೆ ಆಗುತ್ತದೆ ಅಂದುಕೊಳ್ಳುತ್ತೀರಿ. ಏನಾಗುತ್ತದೆ ಎಂದು ನಾವು ಹೇಳುವುದಿಲ್ಲ, ಮಾಡಿಯೇ ನೋಡಿ.

ಹೆದರಿಕೆಗೂ ಆಸೆಗೂ ಒಂದು ಲೆಕ್ಕ

ಸಂಭವನೀಯತೆಯ ಕೋಣೆ ನಮ್ಮ ಮನೆಗೆ ತೀರಾ ಹತ್ತಿರದ್ದು. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚರು ಜೂಜಿನ ಒಂದು ಸಮಸ್ಯೆ ಬಗ್ಗೆ ಬರೆದುಕೊಂಡ ಪತ್ರಗಳಿಂದ ಈ ಶಾಸ್ತ್ರ ಬೆಳೆಯಿತು. ಜೂಜಿನಿಂದ ಹುಟ್ಟಿದರೂ ಜೂಜಾಡಬೇಡಿ ಎಂದು ಇದರಷ್ಟು ಚೆನ್ನಾಗಿ ಹೇಳುವ ಶಾಸ್ತ್ರ ಬೇರೆ ಇಲ್ಲ. ಹತ್ತು ರೂಪಾಯಿಯ ಸಾವಿರ ಟಿಕೆಟ್ ಮಾರಿ, ಒಟ್ಟು 6,000 ರೂಪಾಯಿ ಬಹುಮಾನ ಇಟ್ಟರೆ, ನಿಮ್ಮ ಹತ್ತು ರೂಪಾಯಿ ಟಿಕೆಟಿನ ನಿಜ ಬೆಲೆ ಆರು ರೂಪಾಯಿ. ಕೊಂಡ ಕ್ಷಣದಲ್ಲೇ ನಾಲ್ಕು ರೂಪಾಯಿ ಹೋಯಿತು. ಮೊಬೈಲಿನ ಹಣದ ಆಟಗಳಿಗೆ ಬಿದ್ದ ನಮ್ಮ ಹುಡುಗರು "ಇವತ್ತು ಸೋತೆ, ನಾಳೆ ಬರ್ತದೆ" ಎನ್ನುತ್ತಾರಲ್ಲ, ಆಡಿಸುವವರು ಪಾಲು ತೆಗೆಯುವ ಆಟದಲ್ಲಿ ಆಡುವವರೆಲ್ಲರ ಒಟ್ಟು ಲೆಕ್ಕ ಯಾವಾಗಲೂ ನಷ್ಟವೇ.

ಆಸ್ಪತ್ರೆಯ ಲೆಕ್ಕ ಇನ್ನೂ ಮುಖ್ಯ. ತಿಳಿಯಲಿಕ್ಕೆ ಒಂದು ಉದಾಹರಣೆ ಮಾಡುವಾ. ಯಾವ ಲಕ್ಷಣವೂ ಇಲ್ಲದ ಸಾವಿರ ಜನರನ್ನು ಒಂದು ಕಾಯಿಲೆಗಾಗಿ ಪರೀಕ್ಷೆ ಮಾಡಿದರು ಅಂತ ಇಟ್ಟುಕೊಳ್ಳಿ. ನಿಜಕ್ಕೂ ಕಾಯಿಲೆ ಇರುವವರು 10 ಮಂದಿ. ಪರೀಕ್ಷೆ ಹತ್ತರಲ್ಲಿ ಒಂಬತ್ತು ಸಲ ಸರಿ. ಕಾಯಿಲೆ ಇರುವ 10ರಲ್ಲಿ 9 ಮಂದಿಗೆ ಪಾಸಿಟಿವ್ ಬರುತ್ತದೆ. ಕಾಯಿಲೆ ಇಲ್ಲದ 990ರಲ್ಲಿ ಹತ್ತನೇ ಒಂದು ಭಾಗ, ಅಂದರೆ 99 ಮಂದಿಗೂ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 108, ನಿಜವಾದ ರೋಗಿಗಳು 9. ಹನ್ನೆರಡರಲ್ಲಿ ಒಬ್ಬರು ಮಾತ್ರ! ಹಾಗಂತ ರಿಪೋರ್ಟ್ ಬಿಸಾಡಬಾರದು. ಮೊದಲ ಪರೀಕ್ಷೆ ನೋಡಿ ಮನೆಯವರೆಲ್ಲ ಅಳುತ್ತಾ ಕೂರುವ ಬದಲು ಡಾಕ್ಟರ್ ಹೇಳಿದ ಎರಡನೇ ಪರೀಕ್ಷೆ ಮಾಡಿಸಬೇಕು. ಅವರು ಎರಡನೇದಕ್ಕೆ ಬರೆದುಕೊಡುವ ಒಂದು ಕಾರಣ ಇದು.

ಒಂದು ಖುಷಿಯ ಲೆಕ್ಕವೂ ಇರಲಿ. ಒಂದು ಕ್ಲಾಸಿನಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 365 ದಿನ ಇರುವಾಗ ಅದು ಹೇಗೆ? 23 ಮಕ್ಕಳಲ್ಲಿ 253 ಜೋಡಿ ಮಾಡಬಹುದು, ಅದಕ್ಕೆ.

ಮಾತೃಭಾಷೆಯಲ್ಲಿ ಗಣಿತ

"ಇದೆಲ್ಲ ಇಂಗ್ಲಿಷ್ ಬಂದವರಿಗೆ" ಎನ್ನುವವರಿಗೆ ಒಂದು ಮಾತು. ಬದಲಾಗುತ್ತಲೇ ಇರುವ ಸಂಗತಿಗಳನ್ನು ಅಳೆಯುವ ಕಲನಶಾಸ್ತ್ರಕ್ಕೆ ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಟನ್, ಜರ್ಮನಿಯ ಲೈಬ್‌ನಿಜ್ ರೂಪ ಕೊಟ್ಟರು. ಅದಕ್ಕೂ ಸುಮಾರು ಮೂರು ಶತಮಾನ ಮೊದಲೇ ನಮ್ಮ ಪಕ್ಕದ ಕೇರಳದಲ್ಲಿ ಸಂಗಮಗ್ರಾಮದ ಮಾಧವ ಎಂಬ ಗಣಿತಜ್ಞರು ವೃತ್ತದ ಸುತ್ತಳತೆಯನ್ನು ಮುಗಿಯದ ಸರಣಿಯಿಂದ ಲೆಕ್ಕ ಹಾಕಿದ್ದರು. ಅವರ ಶಿಷ್ಯಪರಂಪರೆಯ ಜ್ಯೇಷ್ಠದೇವರು ಹದಿನಾರನೇ ಶತಮಾನದಲ್ಲಿ 'ಯುಕ್ತಿಭಾಷಾ' ಬರೆದು ಅದನ್ನೆಲ್ಲ ವಿವರಿಸಿದರು. ಬರೆದದ್ದು ಸಂಸ್ಕೃತದಲ್ಲಲ್ಲ, ನಮ್ಮ ಬ್ಯಾರಿ ಭಾಷೆಗೆ ಅಕ್ಕ ಎನ್ನಬಹುದಾದ ಮಲಯಾಳದಲ್ಲಿ. ಮನೆಮಾತಿನಲ್ಲೇ ಗಣಿತ ಹೇಳಲು ಆಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಮರ್ಯಮ್ ಎಂಬ ಹುಡುಗಿ

ಕೊನೆಗೆ ಒಬ್ಬಳು ಹುಡುಗಿಯ ವಿಷಯ. 1977ರಲ್ಲಿ ಟೆಹ್ರಾನಿನಲ್ಲಿ ಹುಟ್ಟಿದ ಮರ್ಯಮ್ ಮಿರ್ಝಾಖಾನಿಗೆ ಚಿಕ್ಕಂದಿನಲ್ಲಿ ಕಥೆಗಾರ್ತಿ ಆಗುವ ಆಸೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಲೆಕ್ಕದಲ್ಲಿ ಮಾರ್ಕು ಕಡಿಮೆ. ಇವಳಿಗೆ ಅಂಥ ಪ್ರತಿಭೆ ಇಲ್ಲ ಎಂದೇ ಟೀಚರಿಗೆ ಅನ್ನಿಸಿತ್ತು. ಹುಡುಗಿಗೂ ಲೆಕ್ಕ ಬೇಡವಾಯಿತು. ಮರುವರ್ಷ ಉತ್ತೇಜನ ಕೊಡುವ ಟೀಚರ್ ಬಂದರು. 1994 ಮತ್ತು 1995ರಲ್ಲಿ ಅದೇ ಹುಡುಗಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದಳು. ಎರಡನೇ ಸಲ 42ಕ್ಕೆ 42. ಟೆಹ್ರಾನಿನಲ್ಲಿ ಡಿಗ್ರಿ, ಹಾರ್ವರ್ಡಿನಲ್ಲಿ ಪಿಎಚ್‌ಡಿ. ನಾವು ಮೇಲೆ ಹೇಳಿದ ಆ ಬಾಗುವ, ತೂತಿರುವ ಮೈಗಳ ಮೇಲೆ ಅವರ ಸಂಶೋಧನೆ. ನೆಲದ ಮೇಲೆ ದೊಡ್ಡ ಕಾಗದ ಹಾಸಿ ಚಿತ್ರ ಬಿಡಿಸುತ್ತಾ ಯೋಚಿಸುತ್ತಿದ್ದರು. ಪುಟ್ಟ ಮಗಳು ಅದನ್ನು ಉಮ್ಮ 'ಪೇಂಟಿಂಗ್' ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದಳು. 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಅವರಿಗೆ ಬಂತು. 1936ರಿಂದ ಕೊಡುತ್ತಿದ್ದ ಆ ಪದಕ ಪಡೆದ ಮೊದಲ ಮಹಿಳೆ ಅವರು. 2017ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 40.

ಒಂದು ವರ್ಷದ ಕಡಿಮೆ ಮಾರ್ಕು ನೋಡಿ ಅವರ ಮನೆಯವರು "ನಿನಗೆ ಲೆಕ್ಕ ಬೇಡ" ಎಂದು ತೀರ್ಮಾನ ಮಾಡಿದ್ದರೆ?

ಮನೆಯಲ್ಲಿ ಎಂತ ಮಾಡಬಹುದು?

ಎಲ್ಲರೂ ಗಣಿತಜ್ಞರಾಗಬೇಕೆಂದು ನಾವು ಹೇಳುತ್ತಿಲ್ಲ. ಪಿಯುಸಿಗೆ ವಿಷಯ ಆರಿಸುವಾಗ, ಮಗು ಆಸಕ್ತಿ ತೋರಿಸಿದರೆ, ಮಾರ್ಕು ಸ್ವಲ್ಪ ಕಡಿಮೆ ಎಂಬ ಒಂದೇ ಕಾರಣಕ್ಕೆ ಗಣಿತ ಬಿಡಿಸಬೇಡಿ. ಕಾಮರ್ಸಿನವರಿಗೂ ಬೇಸಿಕ್ ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್ ಎಂಬ ದಾರಿಗಳು ಉಂಟು. ಗಣಿತವನ್ನೇ ಓದಬೇಕೆನ್ನುವವರಿಗೆ ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರವೇಶ ಪರೀಕ್ಷೆ ಬರೆದು ಪಿಯುಸಿ ನಂತರ ಸೇರಬಹುದು. ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಮಕ್ಕಳ ಟೀಚರ್ ಹತ್ತಿರ ವಿಚಾರಿಸಿ.

ಸಣ್ಣ ಮಕ್ಕಳಿದ್ದರೆ ಖರ್ಚೇ ಇಲ್ಲ. ರಾತ್ರಿ ಊಟ ಆದ ಮೇಲೆ ಅಂಗಡಿ ಲೆಕ್ಕವನ್ನು ಮಗುವಿನ ಎದುರು ಬಾಯಲ್ಲಿ ಮಾಡಿ, ನೀವು ಹೇಗೆ ಮಾಡಿದಿರಿ ಎಂದು ವಿವರಿಸಿ. ಉತ್ತರ ತಪ್ಪಾದರೆ "ದಡ್ಡ" ಎನ್ನಬೇಡಿ, "ಹೇಗೆ ಮಾಡಿದೆ, ಹೇಳು ನೋಡುವಾ" ಎಂದು ಕೇಳಿ. ಅಜ್ಜಿಯಂದಿರು ಬೀಡಿ ಕಟ್ಟು ಎಣಿಸುವ ರೀತಿ ಕೂಡ ಗಣಿತವೇ ಎಂದು ಮಕ್ಕಳಿಗೆ ಗೊತ್ತಾಗಲಿ.

ಈ ಶುಕ್ರವಾರ ಸಂಜೆ ಒಂದು ಹಳೆ ನೋಟ್‌ಬುಕ್ಕಿನ ಹಾಳೆ, ಕತ್ತರಿ, ಗೋಂದು ತೆಗೊಂಡು ಕೂರಿ. ಆ ತಿರುಚಿದ ಬಳೆಯನ್ನು ನಡುವೆ ಕತ್ತರಿಸಿ ಆದ ಮೇಲೆ ಇನ್ನೊಂದು ಬಳೆ ಮಾಡಿ, ಅದನ್ನು ಅಂಚಿನಿಂದ ಮೂರನೇ ಒಂದು ಭಾಗ ಬಿಟ್ಟು ಕತ್ತರಿಸಿ. ಎರಡು ಸಲವೂ ಬೇರೆ ಬೇರೆ ಉತ್ತರ ಬರುತ್ತದೆ. ಯಾಕೆ ಹಾಗೆ ಎಂದು ಮಗು ಕೇಳಿದರೆ, "ನನಗೂ ಗೊತ್ತಿಲ್ಲ, ಇಬ್ಬರೂ ಸೇರಿ ನೋಡುವಾ" ಎಂದು ಹೇಳಿ.